ಗುಬ್ಬಿಯ ಡೇರೆಯಿಂದ ಹೊರಟ ಸಿನಿಮಾ

ತುಮಕೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವ ಕ್ರಮ ತಿಳಿದವರಿಗೆ ಸ್ವತಂತ್ರ ಸಿನಿಮಾದ ಲೆಕ್ಕಾಚಾರವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸುಗ್ಗಿ ಮುಗಿಯುತ್ತಲೇ ಊರಿನ ಹತ್ತಾರು ಮಂದಿ ಸೇರಿ ಪಾತ್ರ ಹಂಚಿಕೊಳ್ಳುತ್ತಾರೆ. ಪಾತ್ರ ಬೇಕೆಂದರೆ ವಂತಿಗೆ ಕೊಡಬೇಕು. ದುರ್ಯೋಧನ, ಕೃಷ್ಣ, ಭೀಮನಂಥ ಪಾತ್ರಗಳಿಗೆ ಹೆಚ್ಚು, ಸಣ್ಣಪುಟ್ಟ ಪಾತ್ರಗಳಿಗೆ ಕಡಿಮೆ. ಆ ಹಣದಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಸೀನರಿ, ಕಿರೀಟ, ಗದೆ, ಲೈಟು, ಮೈಕುಗಳ ಬಾಡಿಗೆ ಎಲ್ಲ ತೂಗಬೇಕು. ತಿಂಗಳುಗಟ್ಟಲೆ ರಾತ್ರಿ ತಾಲೀಮು. ನಾಟಕದ ರಾತ್ರಿ ಊರಿಗೆ ಊರೇ ಎದುರು ಕೂತು ಬೆಳಗಿನ ಜಾವದವರೆಗೂ ನೋಡುತ್ತದೆ. ಹಾಕಿದ ದುಡ್ಡು ಹಿಂದಕ್ಕೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಹೊಲ ಉಳುವವರು, ಕೊಬ್ಬರಿ ವ್ಯಾಪಾರದವರು, ಶಾಲೆಯ ಮೇಷ್ಟ್ರುಗಳು, ಆಟೊ ಓಡಿಸುವವರು ಮತ್ತೆ ಸೇರುತ್ತಾರೆ. ಹಳ್ಳಿಯ ಹುಮ್ಮಸ್ಸು ಸಾಲದೆನಿಸಿದರೆ ತುಮಕೂರಿಗೆ ಬಂದು ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಅದೇ ನಾಟಕ ಆಡುತ್ತಾರೆ.

ನೂರಾರು ಜನ ಸ್ವಲ್ಪ ಸ್ವಲ್ಪ ಹಣ ಹಾಕಿ ಸಿನಿಮಾ ಮಾಡುವುದನ್ನು ಇತ್ತೀಚಿನ ವರ್ಷಗಳಲ್ಲಿ ಹೊಸ ಶೋಧವೆಂಬಂತೆ ಮಾತಾಡುತ್ತೇವೆ. ಸ್ಟುಡಿಯೊ, ದೊಡ್ಡ ಬ್ಯಾನರು, ಫೈನಾನ್ಸಿಯರು ಇವರ ಹಂಗಿಲ್ಲದೆ ಚಿತ್ರ ತೆಗೆಯುವವರನ್ನು ಹೊರಗಿನವರೆಂದು ನೋಡುತ್ತೇವೆ. ಕನ್ನಡದ ಮಟ್ಟಿಗೆ ಇದು ಇತಿಹಾಸವನ್ನು ತಲೆಕೆಳಗು ಮಾಡಿ ಓದಿದ ಹಾಗೆ. ನಮ್ಮಲ್ಲಿ ಸಿನಿಮಾ ಹುಟ್ಟಿದ್ದೇ ಸ್ಟುಡಿಯೊ ಇಲ್ಲದ ನೆಲದಲ್ಲಿ. ಕಟ್ಟಿದವರು ನಾಟಕ ಕಂಪನಿಯವರು. ಆ ಕಂಪನಿಗಳಲ್ಲಿ ಬಹಳ ದೊಡ್ಡದು ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಗುಬ್ಬಿಯದು.

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ. ನಮ್ಮಲ್ಲಿ ಅಂಥ ಏರ್ಪಾಟೇ ಇರಲಿಲ್ಲ. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ವೈ.ವಿ. ರಾವ್, ನಟಿಸಿದವರು ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ. ಮಾತು, ಹಾಡು ಬರೆದುಕೊಟ್ಟವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ತುಮಕೂರಿನ ಪಕ್ಕದ ಊರು. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದ ಕೈ ಅವರದು. ಬೆಳ್ಳಿತೆರೆಯ ಮೇಲೆ ಕೇಳಿಸಿದ ಮೊದಲ ಕನ್ನಡ ಈ ಜಿಲ್ಲೆಯ ಒಬ್ಬ ನಾಟಕಕಾರನ ಲೇಖನಿಯಿಂದ ಬಂತು ಎಂಬುದನ್ನು ತುಮಕೂರಿನ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೋ!

ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಷ್ಟು ಹಳೆಯದು. ಊರ ದೇವರ ಹೆಸರನ್ನೇ ಇಟ್ಟುಕೊಂಡು, ಊರವರೇ ಕಟ್ಟಿದ್ದು. ಗುಬ್ಬಿ ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಅದಕ್ಕೆ ಸೇರಿದರು. ಆಮೇಲೆ ಅದರ ಯಜಮಾನರಾದರು. ರೈಲಿನಲ್ಲಿ, ಎತ್ತಿನ ಗಾಡಿಯಲ್ಲಿ ಪರದೆ, ಪೆಟ್ಟಿಗೆ, ಅಡುಗೆಯ ಪಾತ್ರೆಗಳ ಸಮೇತ ಊರೂರು ತಿರುಗುವ ಸಂಸಾರ ಅದು. ಕ್ಯಾಂಪ್ ಹಾಕಿದಲ್ಲಿ ಡೇರೆ ಎತ್ತುವುದು, ಟಿಕೆಟ್ ಮಾರುವುದು, ಊಟಕ್ಕೆ ಹಾಕುವುದು, ಹುಡುಗರಿಗೆ ಹಾಡು-ಮಾತು ಕಲಿಸುವುದು, ಕಲೆಕ್ಷನ್ ಇಲ್ಲದ ದಿನ ಸಾಲ ತರುವುದು, ಎಲ್ಲ ಒಂದೇ ಸೂರಿನಡಿ. ಬೆಂಗಳೂರಿನಲ್ಲಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಈ ಹೊತ್ತಿನ ಕೋಟಿಗಟ್ಟಲೆ ಬಜೆಟ್ಟಿನ ಅದ್ಧೂರಿತನದ ಬೀಜ ಅಲ್ಲಿದೆ ಎಂದು ಕೆಲವರು ಹೇಳುತ್ತಾರೆ. ನನಗೆ ಆನೆಗಿಂತ ದೊಡ್ಡದಾಗಿ ಕಾಣುವುದು ಆ ಆನೆಗೂ, ಮಾವುತನಿಗೂ, ಇಡೀ ಕಂಪನಿಗೂ ದಿನಾ ಊಟ ಹೊಂದಿಸುತ್ತಿದ್ದ ಯಜಮಾನಿಕೆ.

ಸಿನಿಮಾ ಬಂದಾಗ ವೀರಣ್ಣನವರು ಅದಕ್ಕೆ ಹೆದರಿ ಕೂರಲಿಲ್ಲ. ಮೂಕಿಯ ಕಾಲದಲ್ಲೇ, 1930ರ ಆಸುಪಾಸಿನಲ್ಲಿ, ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ದಂಥ ಚಿತ್ರಗಳನ್ನು ತಯಾರಿಸಿದರು. ಕಂಪನಿಯ ನಟಿ ಬಿ. ಜಯಮ್ಮನವರು ಅವುಗಳಲ್ಲಿ ನಟಿಸಿದರು. ಆದರೆ 1931ರಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ ಮಾತಾಡಿದ ಮೇಲೆ ಮೂಕಿಗೆ ಮಾರುಕಟ್ಟೆ ಉಳಿಯಲಿಲ್ಲ. ವೀರಣ್ಣನವರು ಅಲ್ಲಿಗೆ ಬಿಟ್ಟರೇ? ಕಂಪನಿಯ ಜನಪ್ರಿಯ ನಾಟಕ ‘ಸದಾರಮೆ’ 1935ರಲ್ಲಿ ಟಾಕಿಯಾಯಿತು. ಜನ ಮತ್ತೆ ಮತ್ತೆ ನೋಡಲು ಬರುತ್ತಿದ್ದ ಕಳ್ಳನ ಪಾತ್ರದಲ್ಲಿ ಸ್ವತಃ ಅವರೇ ತೆರೆಯ ಮೇಲೆ ಬಂದರು. ಮುಂದೆ ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1945). ನಾಟಕದ ಗಳಿಕೆ ಸಿನಿಮಾಕ್ಕೆ ಹೋಗುತ್ತಿತ್ತು, ಸಿನಿಮಾದ ಹೆಸರು ನಾಟಕಕ್ಕೆ ಬರುತ್ತಿತ್ತು. ಒಂದು ಕೈ ಸೋತರೆ ಇನ್ನೊಂದು ಕೈ ಹಿಡಿಯುವ ಈ ಏರ್ಪಾಟು ಇದ್ದುದರಿಂದಲೇ ನಷ್ಟದ ಮೇಲೆ ನಷ್ಟ ತಡೆದುಕೊಂಡು ಮತ್ತೊಂದು ಚಿತ್ರಕ್ಕೆ ಕೈಹಾಕುವ ಧೈರ್ಯ ಬಂದದ್ದು.

1954ರ ‘ಬೇಡರ ಕಣ್ಣಪ್ಪ’ ಈ ಕಥೆಯ ನಡುಗಂಬ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಿನಲ್ಲಿ ಬಂದ ಚಿತ್ರ, ನಿರ್ದೇಶನ ಎಚ್.ಎಲ್.ಎನ್. ಸಿಂಹ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಇಲ್ಲಿ ರಾಜಕುಮಾರ್ ಆದ. ತಂದೆಯೂ ಮಗನೂ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಇದೇ ಜಿಲ್ಲೆಯ ತಿಪಟೂರಿನ ನರಸಿಂಹರಾಜು, ಎಂಟು ವರ್ಷಕ್ಕೇ ಕಂಪನಿ ಸೇರಿದ್ದ ನಂಜನಗೂಡಿನ ಜಿ.ವಿ. ಅಯ್ಯರ್ ಜತೆಗಿದ್ದರು. ಇವರಿಗೆ ನಟನೆ ಕಲಿಸಿದ ಸಿನಿಮಾ ಶಾಲೆ ಯಾವುದೂ ಇರಲಿಲ್ಲ. ಆದರೂ ಕ್ಯಾಮೆರಾದ ಮುಂದೆ ನಿಲ್ಲುವ ಹೊತ್ತಿಗೆ ಅವರ ಬೆನ್ನ ಹಿಂದೆ ಸಾವಿರಾರು ರಾತ್ರಿಗಳ ಅನುಭವ ಇತ್ತು. ಎದುರಿಗೆ ಕೂತ ಜನ ಎಲ್ಲಿ ನಗುತ್ತಾರೆ, ಎಲ್ಲಿ ಉಸಿರು ಹಿಡಿಯುತ್ತಾರೆ, ಎಲ್ಲಿ ಎದ್ದು ಬೀಡಿ ಸೇದಲು ಹೋಗುತ್ತಾರೆ ಎಂಬುದು ಗೊತ್ತಿತ್ತು.

‘ಬೇಡರ ಕಣ್ಣಪ್ಪ’ ಗೆದ್ದಿತು, ರಾಷ್ಟ್ರಪ್ರಶಸ್ತಿ ಸಮಿತಿಯ ಮೆಚ್ಚುಗೆಯೂ ಸಿಕ್ಕಿತು. ಆದರೆ ಆ ಗೆಲುವಿನ ಮೇಲೆ ಉದ್ಯಮ ನಿಲ್ಲಲಿಲ್ಲ. ಕನ್ನಡ ಚಿತ್ರ ತೆಗೆಯಬೇಕೆಂದರೆ ಮದರಾಸಿಗೆ ಹೋಗಬೇಕು; ಅಲ್ಲಿ ಫ್ಲೋರು ಖಾಲಿ ಇರುವಾಗ, ತಮಿಳು-ತೆಲುಗು ಚಿತ್ರಗಳ ಕೆಲಸ ಮುಗಿದ ಮೇಲೆ ನಮ್ಮ ಸರದಿ. ಐವತ್ತರ ದಶಕದ ಕೊನೆಯಲ್ಲಿ ಕಲಾವಿದರಿಗೆ ಕೆಲಸವೇ ಇಲ್ಲದ ದಿನಗಳು ಬಂದವು. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ‘ಕನ್ನಡ ಚಲನಚಿತ್ರ ಕಲಾವಿದರ ಸಂಘ’ ಕಟ್ಟಿದರು. ತಮಗೆ ಗೊತ್ತಿದ್ದ ವಿದ್ಯೆಗೇ ಹಿಂದಿರುಗಿದರು: ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗಿದರು, ದುಡ್ಡು ಕೂಡಿಸಿದರು. ಆ ಸಂಘದ ಚಿತ್ರ ‘ರಣಧೀರ ಕಂಠೀರವ’ 1960ರಲ್ಲಿ ಬಂತು. ಕಥೆ ಅಯ್ಯರ್ ಅವರದು, ನಿರ್ದೇಶನ ಎನ್.ಸಿ. ರಾಜನ್ ಅವರದು, ನಿರ್ಮಾಪಕರು ನಟರೇ. ತಾರೆಯರು ತಮ್ಮ ಬೆವರಿನ ಹಣದಿಂದ ಸಹಕಾರಿಯಾಗಿ ಮಾಡಿದ ಚಿತ್ರ ಅದು.

ಸ್ವತಂತ್ರ ಸಿನಿಮಾದ ಜಾಗತಿಕ ಇತಿಹಾಸ ಬರೆಯುವವರು ಅಮೆರಿಕದ ಜಾನ್ ಕಸವೆಟೀಸ್ 1959ರಲ್ಲಿ ತಂದ ‘ಶ್ಯಾಡೋಸ್’ ಚಿತ್ರದಿಂದ ಶುರು ಮಾಡುವುದುಂಟು. ಅದೇ ಹೊತ್ತಿನಲ್ಲಿ ಮೈಸೂರು ರಾಜ್ಯದ ಊರುಗಳಲ್ಲಿ ನಾಲ್ಕು ಜನ ನಟರು ಹಗಲು ಪ್ರಯಾಣ ಮಾಡಿ ರಾತ್ರಿ ನಾಟಕವಾಡಿ ತಮ್ಮ ಸಿನಿಮಾಕ್ಕೆ ಬಂಡವಾಳ ಕೂಡಿಸುತ್ತಿದ್ದರು. ಅವರ ಹೆಸರು ಆ ಪುಸ್ತಕಗಳಲ್ಲಿ ಇರಬೇಕಾದದ್ದು. ಇಲ್ಲದಿರುವುದಕ್ಕೆ ನಾವೂ ಕಾರಣ. ರಾಜಕುಮಾರ್ ಅವರನ್ನು ಮೇರುನಟ ಎಂದು ಪೂಜಿಸಿದಷ್ಟು ಅವರು ಒಂದು ಸಹಕಾರಿ ಪ್ರಯತ್ನದ ಪಾಲುದಾರ ಎಂಬುದನ್ನು ನೆನೆಯಲಿಲ್ಲ.

ಇಲ್ಲಿಂದ ಮುಂದಿನದನ್ನು ‘ಹೊಸ ಅಲೆ’ ಎನ್ನುತ್ತೇವೆ. ಅದು ವಿಶ್ವವಿದ್ಯಾಲಯದಿಂದ, ನವ್ಯ ಸಾಹಿತ್ಯದಿಂದ, ಪುಣೆಯ ಚಿತ್ರಶಾಲೆಯಿಂದ ಬಂದದ್ದೆಂದು ನಂಬಿಕೆ. ಅರ್ಧ ನಿಜ. 1970ರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು ಶೃಂಗೇರಿ ಕಡೆಯ ಅಗ್ರಹಾರದಲ್ಲಿ ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕನನ್ನು ಕಟ್ಟಿಕೊಂಡು, ಒಂದು ಲಕ್ಷ ರೂಪಾಯಿಗೂ ಕಡಿಮೆ ಖರ್ಚಿನಲ್ಲಿ ತೆಗೆದರು. ಅಲ್ಲಿ ಗುಬ್ಬಿಯ ನೆರಳಿಲ್ಲ. ಆದರೆ ಅದರ ಬೆನ್ನಿಗೇ ಬಂದ ‘ವಂಶವೃಕ್ಷ’ದ ಟೈಟಲ್ ಕಾರ್ಡು ನೋಡಿ. ಗಿರೀಶ ಕಾರ್ನಾಡರ ಜತೆ ನಿರ್ದೇಶಿಸಿದವರು ಬಿ.ವಿ. ಕಾರಂತರು, ಹಣ ಹಾಕಿದ ನಿರ್ಮಾಪಕರು ಜಿ.ವಿ. ಅಯ್ಯರ್. ಬಂಟ್ವಾಳದ ಮಂಚಿಯಿಂದ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ ಕಾರಂತರನ್ನು ಓದಲೆಂದು ಬನಾರಸಿಗೆ ಕಳಿಸಿದವರೇ ವೀರಣ್ಣನವರು. ಆ ಕಾರಂತರು 1975ರಲ್ಲಿ ‘ಚೋಮನ ದುಡಿ’ ಮಾಡಿ ಸ್ವರ್ಣಕಮಲ ತಂದರು. ಚೋಮನಾಗಿ ರಾಷ್ಟ್ರದ ಶ್ರೇಷ್ಠ ನಟನೆನಿಸಿದ ಎಂ.ವಿ. ವಾಸುದೇವರಾಯರೂ ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಅಯ್ಯರ್ ಅವರಂತೂ ‘ಹಂಸಗೀತೆ’ ಮಾಡಿ, 1983ರಲ್ಲಿ ಸಂಸ್ಕೃತದಲ್ಲೇ ‘ಆದಿ ಶಂಕರಾಚಾರ್ಯ’ ತೆಗೆದರು. ಚಪ್ಪಲಿ ಹಾಕದೆ ಓಡಾಡುತ್ತಿದ್ದ ಆ ಮನುಷ್ಯನಿಗೆ ಯಾವ ನಿರ್ಮಾಪಕನೂ ಒಪ್ಪದ ಚಿತ್ರವನ್ನು ತಾನೇ ಹೊತ್ತು ನಡೆಯುವ ಎದೆಗಾರಿಕೆ ಎಲ್ಲಿಂದ ಬಂತು? ಡೇರೆಯ ಬದುಕಿನಿಂದಲೇ ಬಂದದ್ದೆಂದು ನನ್ನ ನಂಬಿಕೆ. ನಾಳೆ ಯಾವ ಊರು, ಜನ ಬರುತ್ತಾರೋ ಇಲ್ಲವೋ ಎಂದು ತಿಳಿಯದೆಯೇ ಸಂಜೆ ಬಣ್ಣ ಹಚ್ಚಿ ಕೂರುವುದು ಕಲಿತವರಿಗೆ ಒಂದು ಸಿನಿಮಾ ಸೋಲುವ ಭಯ ದೊಡ್ಡದಾಗಿ ಕಾಣಿಸುವುದಿಲ್ಲ.

ಈ ಸೀಮೆಯ ಮಣ್ಣಿನಲ್ಲಿ ಆ ಛಲ ಇಂಗಿ ಹೋಗಲಿಲ್ಲ. ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದ ಬರಗೂರು ರಾಮಚಂದ್ರಪ್ಪನವರು 1978ರ ‘ಒಂದು ಊರಿನ ಕಥೆ’ಯಿಂದ ಹಿಡಿದು ‘ಬೆಂಕಿ’, ‘ಸೂರ್ಯ’ದಂಥ ಚಿತ್ರಗಳವರೆಗೆ ಊರಿನ ಜಮೀನು, ಜಾತಿ, ಅಧಿಕಾರದ ಕಥೆಗಳನ್ನು ತೆರೆಗೆ ತಂದರು. ಗುಬ್ಬಿಗೆ ಹತ್ತಿರದ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಿಂದ ಬಂದವರು ಪಿ. ಶೇಷಾದ್ರಿ. ಅವರು ‘ಮುನ್ನುಡಿ’ಯನ್ನು 2000ದಲ್ಲಿ ಮಾಡಿದ್ದು ಗೆಳೆಯರು ಕೂಡಿ ಕಟ್ಟಿದ ‘ನವಚಿತ್ರ’ದ ಹೆಸರಿನಲ್ಲಿ. ಬೊಳುವಾರು ಮಹಮದ್ ಕುಂಞಿಯವರ ಕಥೆ, ಕರಾವಳಿಯ ಮುಸ್ಲಿಂ ಹೆಣ್ಣೊಬ್ಬಳ ಬಾಳು, ತಾರಾ ಅವರ ಅಭಿನಯ. ಹೊಡೆದಾಟವಿಲ್ಲ, ಯುಗಳಗೀತೆಯಿಲ್ಲ. ಬೆಂಗಳೂರಿನ ಗಾಂಧಿನಗರದ ಯಾವ ಸಿನಿಮಾ ಕಚೇರಿಯೂ ಮೊದಲ ಚಿತ್ರದ ನಿರ್ದೇಶಕನಿಗೆ ಅಂಥ ಕಥೆಗೆ ಹಣ ಕೊಡುತ್ತಿರಲಿಲ್ಲ. ಚಿತ್ರಕ್ಕೂ, ದತ್ತಣ್ಣನವರ ಪೋಷಕ ಪಾತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ‘ಅತಿಥಿ’, ‘ಬೇರು’, ‘ತುತ್ತೂರಿ’, ‘ವಿಮುಕ್ತಿ’, ‘ಬೆಟ್ಟದ ಜೀವ’, ‘ಭಾರತ್ ಸ್ಟೋರ್ಸ್’, ‘ಡಿಸೆಂಬರ್ 1’ ಹೀಗೆ ಒಂದರ ಹಿಂದೊಂದು. ದೊಡ್ಡ ಮಳಿಗೆಗಳು ಬಂದಾಗ ಸಣ್ಣ ದಿನಸಿ ಅಂಗಡಿಯವನ ಗತಿಯೇನು ಎಂದು ಕೇಳುವ ‘ಭಾರತ್ ಸ್ಟೋರ್ಸ್’ ನೋಡುವಾಗ ತುಮಕೂರಿನ ಮಂಡಿಪೇಟೆ ನೆನಪಾಗದಿರದು. ಆದರೆ ಇಷ್ಟು ರಾಷ್ಟ್ರಪ್ರಶಸ್ತಿ ಪಡೆದ ನಿರ್ದೇಶಕನ ಚಿತ್ರಗಳು ತುರುವೇಕೆರೆ, ಗುಬ್ಬಿ, ಕುಣಿಗಲ್ ಜನರ ಕಣ್ಣಿಗೆ ಬಿದ್ದದ್ದು ಎಷ್ಟು? ನಮ್ಮ ಕಷ್ಟದ ಬೇರು ಈ ಪ್ರಶ್ನೆಯಲ್ಲಿದೆ.

ಚಿತ್ರ ಮಾಡುವ ಕಷ್ಟ ಇವತ್ತು ಬಹಳ ಕಡಿಮೆಯಾಗಿದೆ. ಫಿಲ್ಮ್ ರೋಲಿನ ಕಾಲದಲ್ಲಿ ಪ್ರತಿ ಅಡಿಗೂ ದುಡ್ಡು. ಲ್ಯಾಬಿಗೆ, ಪ್ರಿಂಟಿಗೆ ಬೇರೆ. ಈಗ ಡಿಜಿಟಲ್ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ, ಎಡಿಟಿಂಗ್ ಮನೆಯ ಕಂಪ್ಯೂಟರಿನಲ್ಲೇ ಆಗುತ್ತದೆ. ಹಣ ಕೂಡಿಸುವ ದಾರಿಯೂ ತೆರೆದಿದೆ. ಪವನ್ ಕುಮಾರ್ ತಮ್ಮ ‘ಲೂಸಿಯಾ’ ಕಥೆಗೆ ನಿರ್ಮಾಪಕರು ಸಿಗದಿದ್ದಾಗ ನೇರವಾಗಿ ಜನರನ್ನೇ ಕೇಳಿದರು. ಸುಮಾರು 110 ಮಂದಿ ಸೇರಿ 50 ಲಕ್ಷಕ್ಕೂ ಮೇಲೆ ಕೊಟ್ಟರು. 2013ರಲ್ಲಿ ಚಿತ್ರ ಬಂತು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ನಾಯಕ ಸತೀಶ್ ಹೆಗ್ಗೋಡಿನ ನೀನಾಸಮ್ ರಂಗಶಾಲೆಯಲ್ಲಿ ಕಲಿತವರು. 2023ರ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ಹಣ ಕೊಟ್ಟವರು ಪೂರ್ಣಚಂದ್ರ ತೇಜಸ್ವಿಯವರ ಓದುಗರು, ನೂರರಷ್ಟು ಮಂದಿ. ಒಬ್ಬ ಲೇಖಕನ ಮೇಲಿನ ಪ್ರೀತಿಯೇ ಬಂಡವಾಳವಾದ ಚಿತ್ರ ಅದು. ಪಾತ್ರಕ್ಕೆ ವಂತಿಗೆ ಕೊಡುವ ನಮ್ಮ ಹಳ್ಳಿಯ ದುರ್ಯೋಧನನಿಗೂ ತೇಜಸ್ವಿಯ ಓದುಗನಿಗೂ ಮನಸ್ಸು ಒಂದೇ. ಇಬ್ಬರಿಗೂ ಬೇಕಾದದ್ದು ಆ ಕೆಲಸದಲ್ಲಿ ಪಾಲು.

ಬೇರೆ ರಾಜ್ಯಗಳಲ್ಲೂ ಇದು ನಡೆದಿದೆ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಅದರ ನಾಯಕ ನಮ್ಮ ಗಿರೀಶ ಕಾರ್ನಾಡರು. ಕೇರಳದಲ್ಲಿ ಜಾನ್ ಅಬ್ರಹಾಂ ಅವರ ಒಡೆಸ್ಸಾ ಬಳಗ ಊರೂರು ಅಲೆದು, ಚಾಪ್ಲಿನ್‌ನ ಚಿತ್ರ ತೋರಿಸಿ, ಜನರಿಂದ ಹಣ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿತು. ಹಣ ಕೂಡಿಸಿದ ಊರುಗಳಿಗೇ ಮರಳಿ ಹೋಗಿ ಚಿತ್ರ ತೋರಿಸಿತು. ಅವರು ಮರಳಿ ಹೋದದ್ದನ್ನು ಒತ್ತಿ ಹೇಳಬೇಕೆನಿಸುತ್ತದೆ.

ನಮ್ಮಲ್ಲಿ ಚಿತ್ರಗಳು ಹೊರಡುತ್ತವೆ, ಮರಳುವುದಿಲ್ಲ. ಕುಣಿಗಲ್ಲಿನ ದಕ್ಷಿಣಕ್ಕಿರುವ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಆ ಊರಿನ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ‘ತಿಥಿ’ ಮಾಡಿದರು. ಕಥೆ ಕಟ್ಟಿದವರಲ್ಲಿ ಅದೇ ಊರಿನ ಈರೇಗೌಡರಿದ್ದರು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಚಿನ್ನದ ಚಿರತೆ ಗೆದ್ದಿತು. ಅದರ ಪಾತ್ರಗಳಾದ ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು. ‘ತಿಥಿ’ಗೆ ಚಿತ್ರಮಂದಿರವೂ ಸಿಕ್ಕಿತು, ಜನವೂ ಬಂದರು, ಅದು ಅಪರೂಪದ ಪುಣ್ಯ. ಕೊಪ್ಪಳದ ಯರೇಹಂಚಿನಾಳದ ಕಥೆ ‘ಶಿವಮ್ಮ’ 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದರೂ ಕರ್ನಾಟಕದ ಚಿತ್ರಮಂದಿರ ಕಂಡದ್ದು 2024ರಲ್ಲಿ. ಕೊರಿಯಾದವರು ಮೊದಲು, ಕೊಪ್ಪಳದವರು ಆಮೇಲೆ. ಒಟಿಟಿ ಬಂದಾಗ ಈ ತೊಂದರೆ ತೀರಿತೆಂದುಕೊಂಡೆವು. ದೊಡ್ಡ ವೇದಿಕೆಗಳು ಕನ್ನಡದ ಸಣ್ಣ ಚಿತ್ರಗಳತ್ತ ತಿರುಗಿ ನೋಡಲಿಲ್ಲ. ಹೆಸರಾಂತ ನಟ ರಕ್ಷಿತ್ ಶೆಟ್ಟಿಯವರು ನಿರ್ಮಿಸಿದ ‘ಏಕಂ’ ಸರಣಿಗೇ ಕೊಳ್ಳುವವರಿಲ್ಲದೆ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ತೋರಿಸಬೇಕಾಯಿತು.

ಗುಬ್ಬಿ ಕಂಪನಿಗೆ ಈ ಗೋಳು ಇರಲಿಲ್ಲ. ವೀರಣ್ಣನವರ ಹತ್ತಿರ ತಮ್ಮದೇ ಡೇರೆ ಇತ್ತು, ತಮ್ಮದೇ ಟಿಕೆಟ್ ಗಲ್ಲಾ ಇತ್ತು, ಯಾವ ಊರಿನಲ್ಲಿ ಯಾವ ಜಾತ್ರೆ ಎಂಬ ಪಂಚಾಂಗ ಇತ್ತು. ಕಲಾವಿದನೂ ನೋಡುಗನೂ ನಡುವೆ ಯಾರೂ ಇಲ್ಲದೆ ಎದುರುಬದುರಾಗುತ್ತಿದ್ದರು. ಇವತ್ತಿನ ಸ್ವತಂತ್ರ ನಿರ್ದೇಶಕ ಕ್ಯಾಮೆರಾಕ್ಕೆ ಸಾಲ ಮಾಡುತ್ತಾನೆ, ಡೇರೆಯ ಯೋಚನೆಯನ್ನೇ ಮಾಡುವುದಿಲ್ಲ. ಚಿತ್ರ ಮುಗಿದ ಮೇಲೆ ಚಿತ್ರಮಂದಿರಕ್ಕೆ ವಾರದ ಬಾಡಿಗೆ ಕಟ್ಟಿ, ಪ್ರೊಜೆಕ್ಷನ್ ಕಂಪನಿಗೆ ಶುಲ್ಕ ಕಟ್ಟಿ, ಶುಕ್ರವಾರ ಬೆಳಗಿನ ಆಟಕ್ಕೆ ಬಿಟ್ಟು, ಸೋಮವಾರ ಎತ್ತಂಗಡಿಯಾಗುವುದನ್ನು ನೋಡುತ್ತಾನೆ. ಕೈಯಲ್ಲಿ ಉಳಿಯುವುದು ಪ್ರಶಸ್ತಿಯ ಆಸೆ, ಸರ್ಕಾರದ ಸಹಾಯಧನದ ಅರ್ಜಿ. ಸಹಾಯಧನ ಬೇಡವೆಂದು ನಾನು ಹೇಳುತ್ತಿಲ್ಲ; ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ಅದು ಚಿತ್ರ ತಯಾರಾಗುವುದಕ್ಕೆ ಸಿಗುವ ನೆರವು. ನೋಡುಗನವರೆಗೆ ಅದು ಬರುವುದಿಲ್ಲ.

ತೋರಿಸುವ ದಾರಿಯನ್ನು ಕನ್ನಡದಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಹೆಗ್ಗೋಡಿನಲ್ಲಿ ಚಿತ್ರಸಮಾಜ ಕಟ್ಟಿತು. ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳನ್ನು ರೈತರು ನೋಡಿ ಮಾತಾಡಿದರು. ಎಂಬತ್ತರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯಡಿ ಆ ಚಿತ್ರಗಳು ಊರೂರಿಗೆ ಹೋದವು. ‘ಹಳ್ಳಿ ಜನಕ್ಕೆ ಇಂಥ ಸಿನಿಮಾ ರುಚಿಸುವುದಿಲ್ಲ’ ಎನ್ನುವವರ ಮಾತು ಅಲ್ಲಿ ನಿಲ್ಲಲಿಲ್ಲ.

ತುಮಕೂರು ಜಿಲ್ಲೆಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಚದುರಿ ಬಿದ್ದಿದೆ. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ, ವಸ್ತುಪ್ರದರ್ಶನ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಜಾತ್ರೆ. ಗುಬ್ಬಿಯಲ್ಲಿ, ಕಂಪನಿಗೆ ಹೆಸರು ಕೊಟ್ಟ ಚನ್ನಬಸವೇಶ್ವರನ ಜಾತ್ರೆ. ಸಾವಿರಾರು ಜನ ಬಂದು ರಾತ್ರಿ ಉಳಿಯುವ ಜಾಗಗಳು ಇವು, ನಾಟಕ ನೋಡುವ ರೂಢಿ ಇರುವ ಜನ ಅವರು. ಇಲ್ಲಿ ಮೂರು ರಾತ್ರಿ ಒಂದು ದೊಡ್ಡ ಪರದೆ ಕಟ್ಟಿ ‘ಮುನ್ನುಡಿ’, ‘ಭಾರತ್ ಸ್ಟೋರ್ಸ್’, ‘ತಿಥಿ’, ‘ಶಿವಮ್ಮ’ ತೋರಿಸಲು ಎಷ್ಟು ಖರ್ಚಾದೀತು? ಒಂದು ‘ಕುರುಕ್ಷೇತ್ರ’ದ ಸೀನರಿ, ಮೈಕು, ಲೈಟಿನ ಬಾಡಿಗೆಯ ಮಟ್ಟದಲ್ಲೇ ಮುಗಿಯಬಹುದಾದ ಕೆಲಸ. ಟಿಕೆಟ್ ಇರಲೇಬೇಕು, ಹತ್ತು-ಇಪ್ಪತ್ತು ರೂಪಾಯಿಯದ್ದಾದರೂ ಸರಿ. ದುಡ್ಡು ಕೊಟ್ಟು ಕೂತವನು ಎದ್ದು ಹೋಗುವ ಹಕ್ಕನ್ನೂ, ಕೂತು ನೋಡುವ ಗೌರವವನ್ನೂ ಪಡೆಯುತ್ತಾನೆ. ನಿರ್ದೇಶಕರೂ ನಟರೂ ಅಲ್ಲೇ ಇರಬೇಕು. ಯಾವ ದೃಶ್ಯದಲ್ಲಿ ಜನ ಬೀಡಿ ಸೇದಲು ಎದ್ದರು ಎಂದು ಕಣ್ಣಾರೆ ನೋಡಬೇಕು.

ಜಾತ್ರೆಯ ಆಚೆಗೆ, ತುಮಕೂರಿನ ವೀರಣ್ಣ ಕಲಾಕ್ಷೇತ್ರದಲ್ಲಿ ತಿಂಗಳಿಗೊಂದು ಸಂಜೆ ಇಂಥ ಚಿತ್ರಕ್ಕೆಂದು ಮೀಸಲಿಡಬಹುದು. ಸಾರ್ವಜನಿಕ ಪ್ರದರ್ಶನಕ್ಕೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ನಾಟಕದ ರಂಗಮಂದಿರಗಳಿಗೂ ಜಾತ್ರೆಯ ಡೇರೆಗಳಿಗೂ ಅದನ್ನು ಸುಲಭದಲ್ಲಿ ಕೊಡುವ ಕೆಲಸ ಜಿಲ್ಲಾಡಳಿತದ್ದು. 2025ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ತನ್ನದೇ ಒಟಿಟಿ ವೇದಿಕೆಯನ್ನು ಘೋಷಿಸಿತು. ಅದಕ್ಕೆ ತೆಗೆದಿಡುವ ಹಣದ ಒಂದು ಸಣ್ಣ ಪಾಲನ್ನು ಜಿಲ್ಲೆಗೊಂದು ಸಂಚಾರಿ ಪರದೆ, ಒಂದು ಪ್ರೊಜೆಕ್ಟರ್, ಅದನ್ನು ಓಡಿಸಲು ತರಬೇತಾದ ಇಬ್ಬರು ಹುಡುಗರು ಇವಕ್ಕೆ ಕೊಡಲಿ ಎಂದು ಕೇಳುತ್ತೇನೆ. ಮೊದಲ ಪರದೆ ಗುಬ್ಬಿಗೆ ಬರಲಿ. ಅಲ್ಲಿಂದ ತುರುವೇಕೆರೆ, ಎಡೆಯೂರು, ಕುಣಿಗಲ್, ತುಮಕೂರು, ಶಿರಾ. ಕಂಪನಿ ಗಾಡಿಗಳು ಓಡಾಡಿದ ದಾರಿಗಳೇ ಅವು.